ರಗತ ಬಾರದ ಗಾಯಕ್ಕ ಸಜ್ಜಕ

ಸುರಪುರದ ನಮ್ಮ ಮನಿಯ ಪಡಸಾಲಿಯೊಳಗ, ಬೆಳಕಿಂಡಿಯ ಕೆಳಗ, ಒಂದು ಹಳೇ ಹೊರಸು ಇತ್ತು. ನಾರಿನ ಹಗ್ಗ ಹೆಣೆದದ್ದು, ನಡುವ ಜೋತುಬಿದ್ದದ್ದು. ಅದರ ಮ್ಯಾಲ ಸುಮ್ಮಸುಮ್ಮನ ಯಾರೂ ಕೂಡೋ ಹಂಗಿರಲಿಲ್ಲ. ಬೀಗರು ಬಂದ್ರೂ ನೆಲಕ್ಕ ಜಮಖಾನಿ ಹಾಸಿ ಕೂಡಸ್ತಿದ್ದರೇ ಹೊರತು ಹೊರಸಿನ ಕಡಿ ಕೈ ತೋರಸ್ತಿರಲಿಲ್ಲ. ಅದು ಗಾಯ ಆದವರ ಹೊರಸು. ಕಾಲು ಕಲ್ಲಿಗೆ ಎಡವಿ ಉಗುರು ಕಿತ್ತುಕೊಂಡಾಂವ, ಕುಡುಗೋಲು ಬಡಿಸಿಕೊಂಡಾಂವ, ಬಾಗಲಕ್ಕ ಹಣಿ ಒಡಕೊಂಡಾಕಿ, ಎಲ್ಲಾರೂ ಒಂದೊಂದು ದಿವಸ ಅದರ ಮ್ಯಾಲ ಮಲಗಿ ರಾಜ್ಯಾ ಆಳಿದವರ. ಅಪ್ಪ ಏರಿದ್ದ, ಬಸಣ್ಣ ಕಾಕಾ ಏರಿದ್ದ, ನನ್ನ ತಮ್ಮ ಶರಣು ಅಂತೂ ಹದಿನೈದು ದಿನಕ್ಕೊಮ್ಮಿ ಏರತಿದ್ದ. ನಾನೂ ಏಳು ಸಲ ಏರೀನಿ, ಒಂದೊಂದರ ಗುರುತೂ ಮೈಮ್ಯಾಲ ಅದ, ಬೇಕಾದ್ರ ತೋರಸ್ತೀನಿ. ಮನಿಯೊಳಗ ಆ ಹೊರಸು ಏರಲಾರದಾಕಿ ಒಬ್ಬಾಕಿನ, ನಮ್ಮವ್ವ. ಆಕಿ ಅದನ್ನ ಹೆಂಗ ಏರಿದಳು, ಯಾರದೋ ದೇಶದ ಒಂದು ಶಬ್ದ ಆಕಿ ಕೈ ಹೆಂಗ ಹಿಡೀತು ಅನ್ನೋದನ್ನ ನಾ ಹೇಳಬೇಕಾಗ್ಯದ. ಮೂವತ್ತು ವರ್ಷ ನರ್ಸ್ ಆಗಿ ಮಂದಿ ಗಾಯ ತೊಳದೀನಿ, ಪಟ್ಟಿ ಕಟ್ಟೀನಿ. ಆದ್ರ ಗಾಯ ಅಂದ್ರ ಏನು ಅಂತ ನಾ ಕಲ್ತದ್ದು ದವಾಖಾನಿಯೊಳಗ ಅಲ್ಲ, ಆ ಪಡಸಾಲಿಯೊಳಗ.

ಹೊರಸಿನ ಮಾಲಕಿ ನಮ್ಮ ಆಯಿ, ಅಪ್ಪನ ತಾಯಿ. ಹಣಿ ತುಂಬ ವಿಭೂತಿ, ಕೊರಳಾಗ ಲಿಂಗದ ಕರಡಿಗಿ, ನಡದಾಗ ಕೀಲಿಕೈ ಗೊಂಚಲು. ಮನಿಯೊಳಗ ಯಾರಿಗಾದ್ರೂ ಪೆಟ್ಟು ಬಿತ್ತಂದ್ರ ಆಯಿ ಬಂದು ಮೊದಲ ಕೇಳತಿದ್ದದ್ದು ಒಂದ ಮಾತು:

"ರಗತ ಬಂದದೇನು?"

ಬಂದಿಲ್ಲಂದ್ರ ಮುಗೀತು, ಏಳು, ಕೆಲಸ ಮಾಡು. ಬಂದದಂದ್ರ ಆಕಿ ಮುಖದ ಮ್ಯಾಲ ಒಂದು ನಮೂನಿ ಗಂಭೀರ ಕಳಿ ಬರತಿತ್ತು. ಅರಿಷಿಣ ಕಲಸಿ ಮೆತ್ತಿ, ಹಳೇ ಸೀರಿ ಚಿಂದಿ ಕಟ್ಟಿ, ಆಮ್ಯಾಲ ಎರಡನೇ ಮಾತು: "ಏನು ಬಡೀತು?" ಬಡದದ್ದು ಯಾವುದಂತ ಗಾಯ ಆದವರ ತಮ್ಮ ಬಾಯಿಲೆ ಹೇಳಬೇಕು. ಕಲ್ಲಾದ್ರ ಕಲ್ಲಿಗೆ, ಬಾಗಲಾದ್ರ ಬಾಗಲಕ್ಕ, ಬಂಡಿಯ ನೊಗಾದ್ರ ನೊಗಕ್ಕ ಆಯಿ ಹೋಗಿ ಅಂಗೈಲೆ ಪಟ್ಟಂತ ಒಂದು ಬಾರಸ್ತಿದ್ದಳು. ಕೂಸು ಬಿದ್ರ ನೆಲಕ್ಕ ಹೊಡದು ಸಮಾಧಾನ ಮಾಡೋದು ಎಲ್ಲಾರ ಮನ್ಯಾಗೂ ಅದ. ನಮ್ಮ ಮನ್ಯಾಗ ಅದು ನಲವತ್ತು ವರ್ಷದ ಗಂಡಸರಿಗೂ ಇತ್ತು. ಹೊಡದ ಮ್ಯಾಲ ಅದೇ ಕೈಯಿಂದ ಆ ಕಲ್ಲಿಗೋ ಬಾಗಲಕ್ಕೋ ಒಂದು ಬಟ್ಟು ಅರಿಷಿಣ ಹಚ್ಚತಿದ್ದಳು. "ಅದಕ್ಕೂ ಹತ್ತಿರತದ" ಅಂತಿದ್ದಳು, ಅಂದ್ರ ಪೆಟ್ಟು ಅದಕ್ಕೂ ಬಿದ್ದಿರತದ ಅಂತ. ಇಷ್ಟೆಲ್ಲಾ ಆದ ಮ್ಯಾಲ ಸಜ್ಜಕ. ಗೋಧಿ ನುಚ್ಚು, ಬೆಲ್ಲ, ಮ್ಯಾಲ ಕೈ ಮುಚ್ಚಲಾರದ ಹಾಕಿದ ತುಪ್ಪ. ಮನುಷ್ಯಾರಿಂದ ಗಾಯ ಆಗಿದ್ರ ಮೊದಲ ತುತ್ತು ಆ ಮನುಷ್ಯಾನ ತನ್ನ ಕೈಯಾರೆ ಉಣಿಸಬೇಕು. ಇದು ಆಯಿಯ ಕಾಯ್ದಾ. ಇದಕ್ಕ ಅಪೀಲು ಇರಲಿಲ್ಲ.

ಕಾಯ್ದಾ ಎಷ್ಟು ಖಡಕ್ ಇತ್ತಂದ್ರ, ಒಮ್ಮಿ ಗಿಲ್ಲಿ-ದಾಂಡು ಆಡುವಾಗ ನಾ ಹೊಡದ ಗಿಲ್ಲಿ ಶರಣುನ ಹುಬ್ಬಿಗೆ ಬಡದು ರಗತ ಬಂತು. ಶರಣು ಹೊರಸಿನ ಮ್ಯಾಲ ನವಾಬನಂಗ ಕುಂತ. ನಾ ಸಜ್ಜಕದ ತಾಟು ಹಿಡಕೊಂಡು ಹೋಗಿ ತುತ್ತು ಬಾಯಿಗೆ ಇಟ್ಟೆ. ಬಾಡ್ಯಾ, ತುತ್ತಿನ ಜೋಡಿ ನನ್ನ ಬೆಳ್ಳೂ ಕಚ್ಚಿದ! ನಾ ಬೊಬ್ಬಿ ಹೊಡದು ಬೆಳ್ಳು ಎಳಕೊಂಡ್ರ ತುದಿಯೊಳಗ ಎರಡು ಹನಿ ರಗತ. ಆಯಿ ಬಂದು ನೋಡಿದಳು. "ರಗತ ಬಂದದ, ನೀನೂ ಏರು" ಅಂದಳು. ಹಂಗಾಗಿ ಒಂದ ಹೊರಸಿನ ಆ ತುದಿಗೆ ಅಂವ, ಈ ತುದಿಗೆ ನಾನು. ಅವಗ ನಾ ತುತ್ತು ಹಾಕಬೇಕು, ನನಗ ಅಂವ. ಅಂವ ಹಾಕುವಾಗ ನಾ ಕಚ್ಚಬೇಕಂತ ಬಾಯಿ ತೆಗದೆ. ಆಯಿ ಬಾಜೂಕ ಬಡಿಗಿ ಹಿಡಕೊಂಡು ನಿಂತಿದ್ದಳು, ಕಚ್ಚಲಿಲ್ಲ.

ಇನ್ನ ನಮ್ಮ ಮನಿ ಬಾಗಲ ಬಗ್ಗೆ ಒಂದು ಮಾತು. ಕಲ್ಲಿನ ಮನಿ, ಬಾಗಲೆಲ್ಲಾ ಗಿಡ್ಡವು. ಅಡಗಿಮನಿ ಬಾಗಲ ಅಂತೂ ಅಪ್ಪನ ಗದ್ದದಮಟ್ಟ. ಒಲಿ ಮುಂದ ಹೋಗೋರು ತಲಿ ಬಗ್ಗಿಸಿ ಹೋಗಲಿ ಅಂತ ಹಿರೇರು ಹಂಗ ಕಟ್ಟಿಸ್ಯಾರ ಅಂತ ಆಯಿ ಹೇಳತಿದ್ದಳು. ಗೌಂಡಿ ಗಿಡ್ಡ ಇದ್ದ ಅಂತ ಕಾಕಾ ಹೇಳತಿದ್ದ. ಏನರ ಇರಲಿ, ಮ್ಯಾಲಿನ ಕಲ್ಲಿಗೆ ಮೂರು ತಲಿಮಾರಿನ ಹಣಿ ಬಡದು, ಆಯಿ ಹಚ್ಚಿದ ಅರಿಷಿಣ ಪದರ ಪದರ ಕುಂತು, ಹೊಸಬರು ಬಂದ್ರ ಇದು ಯಾವ ದೇವರು ಅಂತ ಕೈ ಮುಗೀತಿದ್ದರು. ಆ ಬಾಗಲಕ್ಕ ಒಮ್ಮಿನೂ ತಲಿ ತಾಕಿಸಲಾರದಾಕಿ ಅವ್ವ. ಯಾಕಂದ್ರ ಆಕಿನೂ ಗಿಡ್ಡ. ಗಂಗಾಳ ತಲಿಮ್ಯಾಲ ಇಟಗೊಂಡ್ರೂ ಸಲೀಸ ದಾಟತಿದ್ದಳು. ಆಕಿಗೆ ಗಾಯ ಆಗಲೇ ಇಲ್ಲಂತಲ್ಲ. ಎರಡೂ ಕೈ ಮ್ಯಾಲ ಮೊಣಕೈತನಕ ಹಂಚಿನ ಸುಟ್ಟ ಕಲಿ ಇದ್ದವು. ಆದ್ರ ಸುಟ್ಟದ್ದಕ್ಕ ರಗತ ಬರಂಗಿಲ್ಲ ನೋಡ್ರಿ. ಕಾಯ್ದಾದಾಗ ಸುಟ್ಟ ಗಾಯ ಕೂಡತಿರಲಿಲ್ಲ. ಲೋಳಸರ ಹಚ್ಚಿಕೊಂಡು ಆಕಿ ಮತ್ತ ರೊಟ್ಟಿ ಬಡಿಯಾಕ ಕೂಡತಿದ್ದಳು.

ರೊಟ್ಟಿ ಅಂದೆನಲ್ಲ, ಅದರದ ಒಂದು ಕಥಿ ಅದ. ಅವ್ವನ ತವರುಮನಿ ತಿಂಥಣಿ ಕಡಿ, ಕೃಷ್ಣಾ ಹೊಳಿ ದಂಡಿ. ಮದುವಿಯಾಗಿ ಬಂದ ಮೊದಲ ದಿವಸ ಆಕಿ ಹೆದರಿ ಬಡದ ರೊಟ್ಟಿ ಹರದು, ಮೂಲಿ ಮೂಲಿ ಆಗಿ, ನಡುವ ದಪ್ಪ ಆಗಿ, ಎತ್ತಿನ ಚರ್ಮದಂಗ ಆಗಿತ್ತಂತ. ಆಯಿ ಅದನ್ನ ನಮ್ಮ ನಾಯಿ ಮೋತ್ಯಾಗ ಹಾಕಿದ್ದಳಂತ. ಮೋತ್ಯಾ ಮೂಸಿ ನೋಡಿ, ನಾಕು ಹೆಜ್ಜಿ ಹಿಂದಕ್ಕ ಸರದು, ರೊಟ್ಟಿಗೆ ಬೊಗಳಿತಂತ. ಮುಂದ ಅವ್ವನ ರೊಟ್ಟಿ ಓಣಿಗೆ ಹೆಸರಾದವು, ಹಾಳಿಯಂಗ ತೆಳ್ಳಗ ಬರತಿದ್ದವು. ಆದ್ರ ಕಥಿ ಹಂಗ ಉಳೀತು. ಮನಿಗೆ ಯಾರ ಬರಲಿ, ತಾಟಿಗೆ ಮೊದಲ ರೊಟ್ಟಿ ಬಿತ್ತಂದ್ರ ಆಯಿ ಶುರು ಮಾಡತಿದ್ದಳು: "ಇದು ಹೊಳಿದಂಡಿ ರೊಟ್ಟಿರಿ. ಈಕಿ ಬಂದ ಹೊಸದಾಗ ನಮ್ಮ ಮೋತ್ಯಾ ಏನ್ ಮಾಡ್ತು ಗೊತ್ತದೇನ್ರಿ?"

ಮೋತ್ಯಾ ಸತ್ತು ಎಷ್ಟೋ ವರ್ಷ ಆಗಿತ್ತು. ಅದರ ನೌಕರಿ ನನಗ ಬಂದಿತ್ತು. ಆಯಿ "ಏನ್ ಮಾಡ್ತು?" ಅಂತ ನನ್ನ ಕಡಿ ನೋಡಿದ ಕೂಡಲೆ ನಾ ಬೊಗಳಬೇಕು. ಐದು ವರ್ಷದಾಕಿ ಇದ್ದಾಗಿಂದ ಬೊಗಳಿ ಬೊಗಳಿ ನನ್ನ ಕೈ, ಅಲ್ಲ ಬಾಯಿ, ಪಳಗಿತ್ತು. ಓಣಿಯೊಳಗಿನ ಖರೇ ನಾಯಿ ಉತ್ತರ ಕೊಡತಿದ್ದವು. ಮಂದಿ ಹೊಟ್ಟಿ ಹಿಡಕೊಂಡು ನಗತಿದ್ದರು, ನನಗ ಶೇಂಗಾ ಉಂಡಿ ಕೊಡತಿದ್ದರು. ಅವ್ವನೂ ಬಾಯಿಗೆ ಸೆರಗು ಹಚ್ಚಿಕೊಂಡು ಅಡಗಿಮನಿ ಕಡಿ ಮುಖ ತಿರುವತಿದ್ದಳು. ಸೆರಗಿನ ಹಿಂದ ಆಕಿನೂ ನಗಾಕತ್ತಾಳ ಅಂತ ನಾ ತಿಳಕೊಂಡಿದ್ದೆ. ಖರೇನ ಹಂಗ ತಿಳಕೊಂಡಿದ್ದೆ.

ಹಿಂಗಿರುವಾಗ ಬಸಣ್ಣ ಕಾಕಾನ ಲಗ್ನ ಆಗಿ ಸುವರ್ಣಾ ಕಾಕಿ ನಮ್ಮನಿಗೆ ಬಂದಳು. ಯಾದಗಿರಿಯ ಹುಡುಗಿ, ಆಕಿ ಅಪ್ಪ ಸ್ಟೇಷನ್ನಿನ್ಯಾಗ ನೌಕರಿದಾರ. ಕಾನ್ವೆಂಟಿನ್ಯಾಗ ಕಲ್ತಾಕಿ, ಕಾಕಾನಕಿಂತ ಎರಡು ಬೆಳ್ಳು ಎತ್ತರ. ಇಷ್ಟು ಹೇಳಿದ್ರ ಬಾಕಿದು ನಿಮಗ ತಿಳದಿರಬೇಕು. ಮನಿ ತುಂಬಿಸಿಕೊಂಡ ದಿವಸನ ಆಕಿ ಬಾಸಿಂಗದ ಸುದ್ದಾ ಅಡಗಿಮನಿ ಬಾಗಲಕ್ಕ ಹಣಿ ಬಡಕೊಂಡಳು. ರಗತ ಬಂತು. ಮದುಮಗಳು ಸೀದಾ ಹೊರಸಿಗೆ. ಆಯಿ ಬಾಗಲಕ್ಕ ಪಟ್ಟಂತ ಹೊಡದು, ಅದಕ್ಕ ಅರಿಷಿಣ ಹಚ್ಚಿ, "ಅದಕ್ಕೂ ಹತ್ತಿರತದ" ಅಂದಾಗ ಕಾಕಿ ಕಣ್ಣು ಅಗಲ ಮಾಡಿ ಕಾಕಾನ ಕಡಿ ನೋಡಿದಳು. ಇದು ಎಂಥಾ ಮಂದಿ ಮನಿಗೆ ಕೊಟ್ಟಾರ ನನ್ನ ಅಂತ ಆ ಕಣ್ಣಾಗ ಬರದಿತ್ತು. ಸಜ್ಜಕ ಬಂದ ಮ್ಯಾಲ ಕಣ್ಣು ಸಣ್ಣ ಆದವು.

ಆ ಶಬ್ದ ನಮ್ಮನಿಗೆ ಬಂದದ್ದು ಮುಂದ ಒಂದು ತಿಂಗಳಿಗೆ. ಆಯಿ ಬಾಜೂ ಮನಿ ಶಾಂತಮ್ಮನ ಮುಂದ ಸೊಸಿಯನ್ನ ಹೊಗಳಾಕಂತ ಹೋಗಿ, "ನಮಗ ನಿಚ್ಚಣಿಕಿ ಬೇಕಾಗಿಲ್ಲವ್ವ, ಬಸ್ಯಾ ನಿಚ್ಚಣಿಕಿನ ಕಟಗೊಂಡು ಬಂದಾನ" ಅಂದುಬಿಟ್ಟಳು. ಕಾಕಿ ಅಂಗಳದಾಗ ಅರಬಿ ಒಣಹಾಕಾಕತ್ತಿದ್ದಳು. ಅವತ್ತ ಊಟಕ್ಕ ಕುಂತಾಗ ಎಲ್ಲಾರ ಮುಂದ ತಣ್ಣಗ ಅಂದಳು:

"ಅತ್ತಿ, ನೀವು ಹಂಗ ಅಂದದ್ದು ನನಗ ಭಾಳ ಹರ್ಟ್ ಆತ್ರಿ."

ಆಯಿ ಅಪ್ಪನ ಕಡಿ ತಿರುಗಿ ಕೇಳಿದಳು, "ಏನಂದ್ಳೋ?"

"ಗಾಯ ಆಗೋದಕ್ಕ ಇಂಗ್ಲಿಷಿನ್ಯಾಗ ಹಂಗಂತಾರ್ಯವ್ವ. ಮೈಗೆ ಆದ್ರೂ ಅದ, ಮನಸಿಗೆ ಆದ್ರೂ ಅದ."

ಆಯಿ ಸಾಲಿ ಕಲ್ತಿರಲಿಲ್ಲ, ಆದ್ರ ದಡ್ಡಿ ಅಲ್ಲ. ಒಂದ ಸಲಕ್ಕ ತಿಳದಳು. ತಿಳದ ಮ್ಯಾಲನ ಆಕಿಗೆ ಸಿಟ್ಟು ಬಂತು.

"ಮಾತು ಹತ್ತೇದ ಅನ್ನು ಹಂಗಾದ್ರ. ನಮಗೇನು ಮಾತು ಹತ್ತಿಲ್ಲೇನು? ನಮ್ಮತ್ತಿ ಮಾತು ಹತ್ತಿ ಹತ್ತಿ ನನ್ನ ತೊಗಲು ಚಪ್ಪಲಿ ಆಗ್ಯದ. ರಗತ ಎಲ್ಲದ, ತೋರಸು."

"ಇದಕ್ಕ ರಗತ ಬರಂಗಿಲ್ರಿ. ಒಳಗ ಆಗಿರತದ."

"ಒಳಗ ಆದದ್ದು ನನಗ ಹೆಂಗ ಕಾಣಬೇಕು? ಮಾತು ಹತ್ತಿದ್ದಕ್ಕೆಲ್ಲಾ ಸಜ್ಜಕ ಮಾಡಕೋತ ಕುಂತ್ರ ಸುರಪುರದಾಗ ಬೆಲ್ಲ ಉಳದೀತೇನು?"

ಫೈಸಲಾ ಆತು. ರಗತ ಇಲ್ಲಂದ್ರ ಹೊರಸಿಲ್ಲ. ಆದ್ರ ಕಾಕಿ ಶಬ್ದ ಹಿಂದಕ್ಕ ತಗೊಳ್ಳಲಿಲ್ಲ. ನನಗ ಹೆಳಲು ಹಾಕುವಾಗ ಅದರ ಪಾಠ ಹೇಳತಿದ್ದಳು. ಹರ್ಟ್ ಆಗೋದು ಬ್ಯಾರೆ, ಹರ್ಟ್ ಮಾಡೋದು ಬ್ಯಾರೆ. ಬೇಕಂತ ಮಾಡಿದ್ರೂ ಹರ್ಟೇ, ಗೊತ್ತಾಗಲಾರದ ಮಾಡಿದ್ರೂ ಹರ್ಟೇ. ಮಾಡಿದವರಿಗೆ ಗೊತ್ತಿರಬೇಕಂತ ಏನೂ ಇಲ್ಲ, ಆದವರಿಗೆ ಗೊತ್ತಿದ್ರ ಸಾಕು. ನನಗ ಆ ಇಂಗ್ಲಿಷಿನ ಮಂದಿ ಭಾಳ ಕಂಜೂಸ್ ಅನಿಸ್ತು. ನಮ್ಮ ಮಾತಿನ್ಯಾಗ ನೋಡ್ರಿ, ಕಲ್ಲು ಬಡೀತದ, ಮುಳ್ಳು ನೆಡತದ, ಚೇಳು ಕಡೀತದ, ಮಾತು ಹತ್ತತದ, ದೃಷ್ಟಿ ತಾಕತದ. ಒಂದೊಂದಕ್ಕ ಒಂದೊಂದು. ಅವರು ಎಲ್ಲಾದಕ್ಕೂ ಒಂದ ಚೀಲ ಹೊಲದು ಇಟ್ಟಾರ. ಕಾಕಿಗೆ ಹಂಗಂತ ಹೇಳಿದ್ರ, "ಒಂದ ಚೀಲ ಇದ್ರ ಎತಗೊಂಡು ಹೋಗಾಕ ಸಸಾರ ಅಲ್ಲೇನ ಚನ್ನಿ?" ಅಂದು ಹೆಳಲು ಜಗ್ಗಿದಳು.

ಸಸಾರ ಅಂದದ್ದು ಖರೇ ಆತು. ಎಂಟು ದಿವಸದಾಗ ಮನಿಮಂದಿಯೆಲ್ಲಾ ಆ ಚೀಲ ಹೆಗಲಿಗೆ ಹಾಕ್ಕೊಂಡರು. ಶರಣು ಗಿಲ್ಲಿಯಾಟದಾಗ ಔಟ್ ಆದ್ರ ಅವಗ ಹರ್ಟ್. ಅಪ್ಪಗ ಬುತ್ತಿಯೊಳಗ ಉಪ್ಪಿನಕಾಯಿ ಇಡಲಿಲ್ಲಂದ್ರ ಹರ್ಟ್. ಕಾಕಾಗ ಕಾಕಿ ತನ್ನಕಿಂತ ಮುಂದ ಮುಂದ ನಡದ್ರ ಹರ್ಟ್. ನನಗ ಲೆಕ್ಕದ ಮಾಸ್ತರ್ರು ಬೈದಾಗೊಮ್ಮಿ ಹರ್ಟ್ ಆಗಿ, ಅದರ ನೆಪಾ ಹೇಳಿ ಕಸಾ ಬಳಿಯೋದು ತಪ್ಪಿಸತಿದ್ದೆ. ಕಡೀಕ ಹಾಲಿನ ನಿಂಗವ್ವಗೂ ಅದು ಹತ್ತಿತು. ಒಂದಿನ ಆಯಿ ತಂಬಗಿಯೊಳಗ ಹಣಿಕಿ ನೋಡಿ, "ಹಾಲಿನ್ಯಾಗ ನನ್ನ ಮುಖ ಕಾಣಾಕತ್ತದಲ್ಲ ನಿಂಗಿ, ಎಷ್ಟು ನೀರು ಹಾಕೀದಿ?" ಅಂದ್ರ ನಿಂಗವ್ವ ಸೆರಗು ಕಣ್ಣಿಗೆ ಹಚ್ಚಿ, "ಹಿಂಗ ಅಂದ್ರ ನನಗ ಹರ್ಟ್ ಆಗತದ್ರಿ ಅಮ್ಮಾರ" ಅಂದಳು.

"ನಿನಗ ಆಮ್ಯಾಲ ಆಗಲಿ," ಅಂದಳು ಆಯಿ, "ಮೊದಲ ಈ ಹಾಲಿಗೆ ಎಷ್ಟು ಹರ್ಟ್ ಆಗ್ಯದ ನೋಡು."

ಹಿಂಗ ತನಗ ಗೊತ್ತಾಗಲಾರದ ಆಯಿನೂ ಆ ಶಬ್ದ ಆಡಿಬಿಟ್ಟಳು. ಎಲ್ಲಾರೂ ನಕ್ಕರು, ಆಯಿ ಇನ್ನಷ್ಟು ಸಿಟ್ಟಾದಳು. ಮನಿಯೊಳಗ ಅದನ್ನ ಒಮ್ಮಿನೂ ಆಡಲಾರದಾಕಿ ಅವ್ವ ಒಬ್ಬಾಕಿನ. ಕಾಕಿ ಒಂದು ಮಧ್ಯಾಹ್ನ ಜ್ವಾಳ ಹಸನ ಮಾಡಕೋತ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಅಕ್ಕಾ, ನಿಮಗ ಎಂದೂ ಹರ್ಟ್ ಆಗಿಲ್ಲೇನ್ರಿ?"

ಅವ್ವ ಮೊರದಾಗಿನ ಹಳ್ಳು ಆರಿಸಿ ಒಗದು ಅಂದಳು, "ನನಗ್ಯಾಕ ಆಗತದ ತಂಗಿ? ನಾ ಗಿಡ್ಡ ಅದೀನಿ."

ಕಾಕಿ ನಗಲಿಲ್ಲ. ನಾ ನಕ್ಕೆ.

ಶ್ರಾವಣದ ಮುಂದ ಕಾಕಿಯನ್ನ ಪಂಚಮಿಗೆ ತವರುಮನಿಗೆ ಕರಕೊಂಡು ಹೋಗಾಕ ಯಾದಗಿರಿಯಿಂದ ಆಕಿ ಅಪ್ಪ-ಅವ್ವ ಬಂದರು. ಬೀಗರು ಮೊದಲನೇ ಸಲ ಊಟಕ್ಕ ಬರಾಕತ್ತಾರಂದ್ರ ಆಯಿಯ ಕಾಲು ನೆಲದ ಮ್ಯಾಲಿರಲಿಲ್ಲ. ಎಣಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹೋಳಿಗಿ. ಅವ್ವ ನಸುಕಿನ್ಯಾಗ ಎದ್ದಾಕಿ ಇನ್ನೂ ಕುಂತಿರಲಿಲ್ಲ. ಪಡಸಾಲಿಯೊಳಗ ಸಾಲಾಗಿ ಊಟಕ್ಕ ಕುಂತ್ರು, ಕಾಕಿ ಬಡಸಾಕತ್ತಿದ್ದಳು. ಬೀಗರು ಉಳ್ಳಾಗಡ್ಡಿ ಕೇಳಿದ್ರಂತ ಅವ್ವ ಅಡಗಿಮನಿ ಹೊಸ್ತಲದಾಗ ಈಳಿಗಿ ಮ್ಯಾಲ ಕಾಲಿಟ್ಟು ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದಳು. ಬೀಗರು ಒಂದು ರೊಟ್ಟಿ ಮುರದು ಬಾಯಾಗ ಇಟಗೊಂಡು, ಕಣ್ಣು ಮುಚ್ಚಿ ತೆಗದು, ಅಂದರು:

"ಏನ್ ರೊಟ್ಟಿರಿ ಬೀಗತಿ! ಯಾದಗಿರಿಯೊಳಗ ಇಂಥಾವು ಎಲ್ಲೂ ತಿಂದಿಲ್ಲ ನಾನು. ಯಾರ ಕೈ ಗುಣಾರಿ ಇದು?"

ಅವ್ವನ ಈಳಿಗಿ ಸಪ್ಪಳ ಒಂದು ಕ್ಷಣ ನಿಂತಿತು. ಆಕಿ ತಲಿ ಎತ್ತಿದ್ದನ್ನ ನಾ ನೋಡಿದೆ. ಆಯಿ ಅಷ್ಟ ಹೇಳಿ ಬಿಟ್ಟಿದ್ರ, ಹಿರಿಸೊಸಿ ಕೈಗುಣಾರಿ ಅಂತ ಅಂದು ಬಿಟ್ಟಿದ್ರ, ಅವತ್ತ ಯಾವ ಗಾಯನೂ ಆಗತಿರಲಿಲ್ಲ. ಆದ್ರ ಮುಂದ ಮಂದಿ ಕುಂತಾರ, ಕಥಿ ನಾಲಿಗಿ ತುದಿಯೊಳಗ ಅದ, ಆಯಿ ಬಿಟ್ಟಾಳೇನು?

"ಈಗೇನ್ರಿ, ಈಗ ಬರತಾವ. ಇದು ಹೊಳಿದಂಡಿ ರೊಟ್ಟಿ. ಈಕಿ ಬಂದ ಹೊಸದಾಗ ನೀವು ನೋಡಬೇಕಿತ್ತು. ನಮ್ಮ ಮೋತ್ಯಾಗ ಹಾಕಿದ್ವಿ. ಮೂಸಿ ನೋಡ್ತು, ಹಿಂದಕ್ಕ ಸರೀತು, ಏನ್ ಮಾಡ್ತು?"

ಅಂದು ನನ್ನ ಕಡಿ ನೋಡಿದಳು. ಹೊಸಾ ಮಂದಿ, ದೊಡ್ಡ ಮಂದಿ, ನಾ ಜೀವಾ ಬಿಟ್ಟು ಬೊಗಳಿದೆ. ಅವತ್ತ ಮೊದಲ ಒಂದು ಗುರ್‌ ಅಂತ ಗುರುಗುಟ್ಟೋದನ್ನೂ ಸೇರಿಸಿದ್ದೆ, ಅದು ನನ್ನ ಸ್ವಂತದ್ದು. ಬೀಗರು ನಕ್ಕು ನಕ್ಕು ಠಸಕಿ ಹತ್ತಿ ನೀರು ಕುಡದರು. ಅಪ್ಪ ನಕ್ಕ, ಕಾಕಾ ನಕ್ಕ. ಕಾಕಿ ಕೈಯಾಗಿನ ಸೌಟು ಹಿಡದು ಹಂಗ ನಿಂತಳು. ಆವಾಗ ಹೊಸ್ತಲದಿಂದ ಈಳಿಗಿ ಮಗ್ಗಲಾಗಿ ಬಿದ್ದ ಸಪ್ಪಳ ಬಂತು. ಹೊಳ್ಳಿ ನೋಡಿದ್ರ ಅವ್ವನ ಎಡಗೈ ಹೆಬ್ಬೆಟ್ಟಿನಿಂದ ರಗತ, ಬಿಳೇ ಉಳ್ಳಾಗಡ್ಡಿ ಮ್ಯಾಲ ಹನಿ ಹನಿ.

"ರಗತ ಬಂದದೇನು?" ಅಂತ ಕೇಳಕೋತನ ಆಯಿ ಎದ್ದಳು. ಬಂದಿತ್ತು. ಚೆನ್ನಾಗಿನ ಬಂದಿತ್ತು. ಕಾಯ್ದಾ ತನ್ನ ಪಾಡಿಗೆ ತಾ ನಡೀತು. ಅರಿಷಿಣ ಬಂತು, ಚಿಂದಿ ಬಂತು, ಶರಣು ಓಡಿಹೋಗಿ ಹೊರಸಿಗೆ ಕೌದಿ ಹಾಸಿದ. ಅವ್ವನ ರಟ್ಟಿ ಹಿಡದು ಆಯಿ ಹೊರಸಿನ ಮ್ಯಾಲ ಕೂಡಿಸಿದಳು. ಹದಿಮೂರು ವರ್ಷದಾಗ ಮೊದಲನೇ ಸಲ. ಆಕಿ ಕಾಲು ನೆಲಕ್ಕ ಮುಟ್ಟತಿರಲಿಲ್ಲ. ಆಯಿ ಈಳಿಗಿ ಎತಗೊಂಡು ಬಂದು, ಅಲಗು ತಪ್ಪಿಸಿ ಅದರ ಮಣಿಗೆ ಹೊಡಿಯಾಕ ಕೈ ಎತ್ತಿದಳು. ಅವ್ವ ಅಂದಳು:

"ಅದಕ್ಕ ಹೊಡಿಬ್ಯಾಡ್ರಿ ಅತ್ತಿ. ಈಳಿಗಿದೇನೂ ತಪ್ಪಿಲ್ಲ."

ಆಯಿಯ ಕೈ ಮ್ಯಾಲ ನಿಂತಿತು. "ಮತ್ತ ಏನು ಬಡೀತು?"

ಅವ್ವ ನನ್ನ ಕಡಿ ನೋಡಿದಳು. ನಾ ಕಂಬದ ಹಿಂದ ಸರದೆ. ಗಂಟಲದಾಗ ಆ ಬೊಗಳಿದ್ದು ಇನ್ನೂ ಕೆರೀತಿತ್ತು.

"ಹದಿಮೂರು ವರ್ಷದಿಂದ ಆ ನಾಯಿ ನನಗ ಬೊಗಳಾಕತ್ತದ್ರಿ," ಅಂದಳು ಅವ್ವ. ದನಿ ಎತ್ತರ ಆಗಲಿಲ್ಲ. "ಸತ್ತ ಮ್ಯಾಲೂ ಬಿಡವಲ್ದು. ಈಗ ನನ್ನ ಹೊಟ್ಟ್ಯಾಗ ಹುಟ್ಟಿದ್ದ ಬೊಗಳಾಕತ್ತದ. ನನಗ ಹರ್ಟ್ ಆಗ್ಯದ್ರಿ ಅತ್ತಿ. ಭಾಳ ಹರ್ಟ್ ಆಗ್ಯದ. ಬೆಳ್ಳು ಆಮ್ಯಾಲ ಕೊಯ್ದದ್ದು."

ಬೀಗರು ತಾಟಿನೊಳಗಿನ ಎಣಗಾಯಿಯನ್ನ ಎಂದೂ ನೋಡಲಾರದವರಂಗ ನೋಡಾಕತ್ತರು. ಅಪ್ಪ ಬಾಯಾಗಿನ ತುತ್ತು ನುಂಗಲೂ ಇಲ್ಲ, ಉಗಳಲೂ ಇಲ್ಲ. ನನಗ ನೆಲ ಬಾಯಿಬಿಟ್ರ ಒಳಗ ಹೋಗಬೇಕು ಅನಿಸ್ತು. ಸೆರಗಿನ ಹಿಂದ ಆಕಿ ನಗತಿರಲಿಲ್ಲ ಅನ್ನೋದು ನನಗ ಆವಾಗ ತಿಳೀತು. ಅಷ್ಟು ವರ್ಷ ತಿಂದ ಶೇಂಗಾ ಉಂಡಿ ಒಮ್ಮೆಲೆ ಹೊಟ್ಯಾಗ ಕಲ್ಲಾದವು. ಈಗ ಎಲ್ಲಾ ಆಯಿಯ ಕೈಯಾಗಿತ್ತು. ಈಳಿಗಿಗೆ ಒಂದು ಬಾರಿಸಿ, "ಏನರ ಅಂತದ ಹುಚ್ಚಿ, ಊಟ ಮಾಡ್ರಿ" ಅಂದುಬಿಟ್ಟಿದ್ರ ಮುಗೀತಿತ್ತು. ಕಾಯ್ದಾ ಮಾಡಿದಾಕಿನೂ ಆಕಿ, ನ್ಯಾಯಾ ಹೇಳಾಕಿನೂ ಆಕಿ. ಬೀಗರ ಮುಂದ ಸೊಸಿ ಹಿಂಗ ಮಾತಾಡಿದ್ರ ಸುರಪುರದ ಯಾವ ಅತ್ತಿ ಬಿಟ್ಟಾಳ್ರಿ? ಆಯಿ ಆ ಹೆಬ್ಬೆಟ್ಟು ನೋಡಿದಳು, ಚಿಂದಿಯ ಮ್ಯಾಲ ಕೆಂಪು ಇನ್ನೂ ಅಗಲ ಆಗಾಕತ್ತಿತ್ತು. ಆಮ್ಯಾಲ ಆಕಿ ಕೈ ಮ್ಯಾಲಿನ ಸುಟ್ಟ ಕಲಿ ನೋಡಿದಳು, ಮೊದಲ ನೋಡೇ ಇರಲಿಲ್ಲ ಅನ್ನೋ ಹಂಗ.

"ರಗತ ಬಂದದ," ಅಂದಳು ತನ್ನಷ್ಟಕ್ಕ ತಾನು. "ಏನು ಬಡೀತಂತ ಹೇಳ್ಯಾಳ. ಕಾಯ್ದಾ ಅಂದ್ರ ಕಾಯ್ದಾನ."

ಈಳಿಗಿ ಕೆಳಗಿಟ್ಟು ಅಡಗಿಮನಿಗೆ ಹೋದಳು. ಕಾಕಿ ಹಿಂದ ಹೋಗಾಕತ್ತಿದ್ರ, "ಯಾರೂ ಬರಬ್ಯಾಡ್ರಿ" ಅಂತ ಒಳಗಿಂದ ದನಿ ಬಂತು. ನುಚ್ಚು ಹುರದ ವಾಸನಿ ಬಂತು, ಬೆಲ್ಲ ಕರಗಿದ ವಾಸನಿ ಬಂತು. ಬೀಗರು ಊಟ ಮಾಡಬೇಕೋ ಬಿಡಬೇಕೋ ತಿಳೀಲಾರದ ಉಪ್ಪು ನೆಕ್ಕಾಕತ್ತಿದ್ದರು. ಭಾಳ ಹೊತ್ತಿನ ಮ್ಯಾಲ ಆಯಿ ತಾಟು ಹಿಡದು, ಬಾಗಲದಾಗ ತಲಿ ಬಗ್ಗಿಸಿ ಹೊರಗ ಬಂದಳು. ತುಪ್ಪ ತಾಟಿನ ಅಂಚಿಗೆ ಬಂದಿತ್ತು. ಬಂದಾಕಿನ ಕಂಬದ ಕಡಿ ನೋಡಿ ಅಂದಳು:

"ಬಾರ ಚನ್ನಿ ಹೊರಗ. ಕಥಿ ಹೇಳಿದ ಬಾಯಿ ನಂದು, ಬೊಗಳಿದ ಬಾಯಿ ನಿಂದು. ತುತ್ತು ಇಬ್ರೂ ಹಾಕಬೇಕು."

ಮೊದಲ ತುತ್ತು ಆಯಿ ಹಾಕಿದಳು. ಅವ್ವ ಬಾಯಿ ಪೂರಾ ತೆರೀಲಿಲ್ಲ, ಹಂಗಾಗಿ ಅರ್ಧಾ ಸಜ್ಜಕ ಗದ್ದಕ್ಕ ಹತ್ತಿತು. ಎರಡನೇದು ನಾ ಹಾಕಿದೆ. ಅಳಕೋತ ಹಾಕಿದೆ, ಮೂಗಿನ್ಯಾಗಿಂದ ಸುರಿಯಾಕತ್ತಿತ್ತು. ಶರಣು ಕಚ್ಚಿದ್ದು ನೆನಪಾಗಿ ಬೆಳ್ಳು ಕಚ್ಚಿದ್ರ ಕಚ್ಚಲಿ, ನನಗ ಆಗಬೇಕಾದ್ದ ಅಂತ ಕೈ ಹಂಗ ಹಿಡದು ನಿಂತೆ. ಅವ್ವ ಕಚ್ಚಲಿಲ್ಲ.

ಕಾಯ್ದಾ ಇನ್ನೂ ಮುಗದಿರಲಿಲ್ಲ. ಆಯಿ ಹೊರಸಿನ ಮುಂದ ಮುಖ ಮುಂದ ಮಾಡಿ ನಿಂತಳು.

"ಹೊಡಿ. ಬಡದದ್ದಕ್ಕ ಬಡಿಯೋದು ಈ ಮನಿ ರಿವಾಜ ಅದ."

"ಇರಲಿ ಬಿಡ್ರಿ ಬೀಗತಿ," ಅಂತ ಬೀಗರು ನಡುವ ಬಾಯಿ ಹಾಕಿದರು.

"ನೀವು ಉಣ್ರಿ," ಅಂದಳು ಆಯಿ ಹೊಳ್ಳಿ ನೋಡಲಾರದ. "ಹೊಡಿ ಅಂದೆ, ಏನ್ ನೋಡತಿ?"

ಅವ್ವ ಕೈ ಎತ್ತಿದಳು. ಆಕಿ ಬಾಜೂಕಿದ್ದ ಬಟ್ಟಲದಾಗ ಬೆಳ್ಳು ಅದ್ದಿ, ಆಯಿಯ ಗದ್ದಕ್ಕ ಒಂದು ಬಟ್ಟು ಅರಿಷಿಣ ಹಚ್ಚಿದಳು. ಹಂಗ ನನ್ನ ಗದ್ದಕ್ಕೂ ಒಂದು.

"ಹೊಡೀಲಾರದ ಹಚ್ಚಿದಿಯಲ್ಲ?" ಅಂದಳು ಆಯಿ.

"ಅದಕ್ಕೂ ಹತ್ತಿರತದ ಅಂತ ನೀವ ಹೇಳತೀರಲ್ರಿ," ಅಂದಳು ಅವ್ವ.

ಆಯಿ ಕಣ್ಣಾಗ ನೀರು ಬಂದದ್ದು ಯಾರಿಗೂ ಕಾಣಬಾರದಂತ ಬೀಗರ ಕಡಿ ತಿರುಗಿ, "ಇನ್ನೊಂದು ರೊಟ್ಟಿ ಹಾಕಿಸಿಕೊಳ್ರಿ, ನಮ್ಮ ಹಿರಿಸೊಸಿ ಕೈದು" ಅಂತ ಜೋರು ಮಾಡಿದಳು. ಹೆದರಿ ಬೀಗರು ಮೂರು ಹಾಕಿಸಿಕೊಂಡರು. ಸಂಜಿ ಬಸ್ ಸ್ಟ್ಯಾಂಡಿಗೆ ಅವರನ್ನ ಬಿಟ್ಟುಬರೋತನಕ ಆಯಿ ಗದ್ದದ ಮ್ಯಾಲಿನ ಹಳದಿ ಒರಸಲಿಲ್ಲ. ದಾರಿಯೊಳಗ ಶಾಂತಮ್ಮ ಅದೇನು ಅಂತ ಕೇಳಿದ್ರ, "ಗಾಯ" ಅಂದಳಂತ.

ಈಗೂ ದವಾಖಾನಿಯ ಮಾತು ನೆನಪಾದ್ರ ನನಗ ಆ ಹೊರಸು ನೆನಪಾಗತದ. ಶಹಾಪುರದಾಗ ನಾ ಕೆಲಸ ಮಾಡುವಾಗ ಹೊಟ್ಟಿನೋವು, ತಲಿನೋವು ಅಂತ ಬಂದು, ಡಾಕ್ಟರ್ರು ಏನೂ ಇಲ್ಲ ಹೋಗು ಅಂದ ಮ್ಯಾಲೂ ಬಾಕಿನ ಮ್ಯಾಲಿಂದ ಏಳಲಾರದ ಹೆಣಮಕ್ಕಳು ಭಾಳ ಇರತಿದ್ದರು. ನಾ ಹೋಗಿ ಬಾಜೂಕ ಕುಂತು, ಏನು ಬಡೀತವ್ವ ಅಂತ ಕೇಳತಿದ್ದೆ. ರಗತ ಬಂದದೇನು ಅಂತ ಎಂದೂ ಕೇಳಲಿಲ್ಲ. ಸಜ್ಜಕ ಕೊಡಾಕ ಸರಕಾರದವರು ಬಿಡತಿರಲಿಲ್ಲ, ಚಾ ತರಸ್ತಿದ್ದೆ. ಬೊಗಳೋದನ್ನ ಅಂತೂ ಆವತ್ತ ಬಿಟ್ಟೀನಿ.

ಬೀಗರು ಬಂದುಹೋದ ಮರುದಿವಸದ ಮಾತು ಒಂದು ಉಳದದ. ಮುಂಜಾನಿ ಅವ್ವ ಕಟ್ಟಿದ ಹೆಬ್ಬೆಟ್ಟು ಮ್ಯಾಲ ಎತ್ತಿಕೊಂಡು ರೊಟ್ಟಿ ಬಡದಳು. ಮೊದಲ ರೊಟ್ಟಿ ಆಯಿಯ ತಾಟಿಗೆ ಬಿತ್ತು. ಎಷ್ಟೋ ವರ್ಷದ ರೂಢಿ, ಆಯಿ ರೊಟ್ಟಿ ಎತ್ತಿ ಹಿಂದ ಮುಂದ ತಿರುವಿ ನೋಡಿದಳು, ಬಾಯಿ ತೆಗದಳು. ನಾವೆಲ್ಲಾ ತುತ್ತು ಕೈಯಾಗ ಹಿಡದು ಕುಂತ್ವಿ. ಆಯಿಯ ಕೈ ತಾನಾಗಿ ಗದ್ದಕ್ಕ ಹೋತು. ತೆಗದ ಬಾಯಿ ಸುಮ್ಮನ ಮುಚ್ಚಾಕೂ ಬರಂಗಿಲ್ಲ, ಏನರ ಅನ್ನಾಕ ಬೇಕು. ಭಾಳ ವಿಚಾರ ಮಾಡಿ ಅಂದಳು:

"ರೊಟ್ಟಿ ಬಿಸಿ ಅದ."

"ಈಗ ಹಂಚಿನ ಮ್ಯಾಲಿಂದ ತಗದೀನ್ರಿ ಅತ್ತಿ," ಅಂದಳು ಅವ್ವ. ಅಂದು, ಬಾಯಿಗೆ ಸೆರಗು ಹಚ್ಚಲಾರದ ನಕ್ಕಳು.